ಬಲೆಯಂಥ ಬಿರುಕು ಕಂಡರೆ ಸುಮ್ನೆ ಸಿಮೆಂಟ್ ಬಳಿಯಬೇಡಿ

ಎಲ್ಲರಿಗೂ ನಮಸ್ಕಾರ. ನಿನ್ನೆ ಈ ಗುಂಪಿನಲ್ಲಿ ಹಾಕಿದ ಫೋಟೋದಲ್ಲಿ ಹಳೇ ಕಾಂಕ್ರೀಟ್ ಗೋಡೆಯ ಮೇಲೆ ಬಲೆಯಂಥ ಬಿರುಕು, ಅದರಿಂದ ಬಿಳಿ ಅಂಟು ಜಿನುಗಿದ್ದು ಕಾಣುತ್ತಿದೆ. ಬಿಸಿಲಿಗೆ ಬಿಟ್ಟ ಬಿರುಕು ಎಂದು ಬಿಟ್ಟುಬಿಡಬೇಡಿ. ಕ್ಷಾರ–ಸಿಲಿಕಾ ಕ್ರಿಯೆಯೂ, ಅಂದರೆ ಸಿಮೆಂಟಿನ ಕ್ಷಾರಕ್ಕೂ ಜಲ್ಲಿಯ ಸಿಲಿಕಾಕ್ಕೂ ನಡೆಯುವ ರಾಸಾಯನಿಕ ಕ್ರಿಯೆಯೂ ಇರಬಹುದು. ಫೋಟೋ ನೋಡಿ ತೀರ್ಪು ಕೊಡಲಾಗದು, ಗೋಡೆ ಕೊರೆದು ಕೋರ್ (ಕೊಳವೆಯಾಕಾರದ ಕಾಂಕ್ರೀಟ್ ತುಂಡು) ತೆಗೆಸಿ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು.

ಒಳಗೆ ಆಗುವುದು ಇಷ್ಟು. ಕಾಂಕ್ರೀಟಿನ ರಂಧ್ರಗಳಲ್ಲಿರುವ ನೀರಿನ ಪಿಎಚ್ 13ಕ್ಕೂ ಜಾಸ್ತಿ, ಅಂದರೆ ಅದು ತೀರಾ ಕ್ಷಾರೀಯ. ಸಿಮೆಂಟಿನ ಸೋಡಿಯಂ, ಪೊಟ್ಯಾಶಿಯಂ ಇದಕ್ಕೆ ಕಾರಣ. ಅಲ್ಲಿನ ಹೈಡ್ರಾಕ್ಸೈಡ್ ಅಯಾನುಗಳು ಜಲ್ಲಿಯ ಸಿಲಿಕಾದಲ್ಲಿ ಸಿಲಿಕಾನ್–ಆಮ್ಲಜನಕದ ಕೊಂಡಿ ಕಡಿಯುತ್ತವೆ. ಗಟ್ಟಿ ಸ್ಫಟಿಕ (ಕ್ವಾರ್ಟ್ಜ್) ಬೇಗ ಬಗ್ಗುವುದಿಲ್ಲ, ಆದರೆ ಓಪಲ್, ಚರ್ಟ್, ಜ್ವಾಲಾಮುಖಿ ಗಾಜಿನಂಥ ಸಿಲಿಕಾ ಕಲ್ಲುಗಳು ಬೇಗ ಕರಗುತ್ತವೆ. ಹೀಗೆ ಕರಗಿದ ಸಿಲಿಕಾದಿಂದ ಹುಟ್ಟಿದ ಅಂಟಂಟಾದ ಜೆಲ್ ನೀರು ಕುಡಿದು ಉಬ್ಬಿ ಕಾಂಕ್ರೀಟನ್ನು ಒಳಗಿಂದಲೇ ಸೀಳುತ್ತದೆ. ತಮಾಷೆ ಏನೆಂದರೆ, ಆಮೇಲೆ ಕ್ಯಾಲ್ಸಿಯಂ ಜೆಲ್‌ನೊಳಗೆ ನುಗ್ಗಿ ಸೋಡಿಯಂ, ಪೊಟ್ಯಾಶಿಯಂಗಳನ್ನು ಹೊರಗೆ ತಳ್ಳುತ್ತದೆ. ಅವು ಮತ್ತೆ ಹೊಸ ಸಿಲಿಕಾದ ಮೇಲೆ ಬೀಳುತ್ತವೆ!

ಇದನ್ನು 1940ರಲ್ಲಿ ಕ್ಯಾಲಿಫೋರ್ನಿಯಾದ ಹೆದ್ದಾರಿ ಎಂಜಿನಿಯರ್ ಥಾಮಸ್ ಸ್ಟ್ಯಾಂಟನ್ ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ ಹಿರಾಕುಡ್, ರಿಹಂದ್ ಅಣೆಕಟ್ಟುಗಳಿಗೂ ಈ ಕಾಟ ಬಂದಿದೆ. ಗ್ರಾನೈಟ್ ಆದರೆ ಭಯವಿಲ್ಲ ಅನ್ನಬೇಡಿ, ಒತ್ತಡಕ್ಕೆ ಸಿಕ್ಕಿ ನಲುಗಿದ ಸ್ಫಟಿಕ ಅದರಲ್ಲಿದ್ದರೆ ನಿಧಾನವಾಗಿಯಾದರೂ ಉಬ್ಬುತ್ತದೆ.

ಹೊಸ ಕೆಲಸವಾದರೆ ಮೊದಲೇ ಜಲ್ಲಿ ಪರೀಕ್ಷೆ ಮಾಡಿಸಿ. ಅನುಮಾನವಿದ್ದರೆ ಸೋಡಿಯಂ ಆಕ್ಸೈಡ್ ಲೆಕ್ಕದಲ್ಲಿ ಕ್ಷಾರ 0.6%ಕ್ಕಿಂತ ಕಡಿಮೆ ಇರುವ ಸಿಮೆಂಟ್ ಕೇಳಿ, ಜೊತೆಗೆ ಹಾರುಬೂದಿ (ಕಲ್ಲಿದ್ದಲು ಉರಿದಾಗ ಬರುವ ನುಣ್ಣನೆ ಬೂದಿ) ಅಥವಾ ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಬೆರೆಸಿ. ಹಳೇ ಗೋಡೆಗೆ ಮಾತ್ರ ಮೊದಲು ನೀರು ಸೋರುವುದನ್ನು ನಿಲ್ಲಿಸಿ, ಪ್ಲಾಸ್ಟರ್ ಆಮೇಲೆ. ಬಿರುಕಿನ ಅಗಲ ಅಳೆದು ತಾರೀಖಿನ ಸಮೇತ ಇಲ್ಲೇ ಹಾಕಿ.