ಚಾರ್ಟ್ ತೂಗುಹಾಕುವ ಮೊದಲು ಸದ್ದು ಕೇಳಿಸಿ

ಮಾನ್ಯ ಸಂಪಾದಕರೇ,

ಜೂನ್ ಬಂತೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಂಗನವಾಡಿ, ಎಲ್‌ಕೆಜಿ, ಒಂದನೇ ತರಗತಿಗಳ ಗೋಡೆಯ ಮೇಲೆ ‘ನಮ್ಮ ಸಹಾಯಕರು’ ಚಾರ್ಟ್ ಏರುತ್ತದೆ. ವೈದ್ಯರು, ಪೊಲೀಸರು, ಬಡಗಿ, ರೈತ. ಟೀಚರ್ ಕೋಲು ಇಟ್ಟಲ್ಲಿ ಮಕ್ಕಳು ಹೆಸರು ಕೂಗುತ್ತಾರೆ, ವಾರದೊಳಗೆ ಪಾಠ ಮುಗಿಯುತ್ತದೆ. ಬಡಗಿ ಮೊದಲು ಏನು ಮಾಡುತ್ತಾರೆ, ಆಮೇಲೆ ಏನು ಎಂದು ಕೇಳಿ ನೋಡಿ, ಕೂಗಿದ ಮಕ್ಕಳೇ ಸುಮ್ಮನಾಗುತ್ತಾರೆ. ಮೂರರಿಂದ ಏಳು ವರ್ಷದವರಿಗೆ ಕೆಲಸವೊಂದು ತಲೆಗೆ ಹತ್ತುವುದು ಮೊದಲು ಕಿವಿಯಿಂದ, ಆಮೇಲೆ ಒಂದಾದ ಮೇಲೊಂದು ನಡೆಯುವ ಕತೆಯಿಂದ. ಇದಕ್ಕೆ ಖರ್ಚಿಲ್ಲ, ತಯಾರಿ ಬೇಕು.

ವಾರಕ್ಕೆ ಒಂದೇ ಉದ್ಯೋಗ ಸಾಕು. ಮೊದಲ ದಿನ ಸದ್ದು ಮಾತ್ರ. ಮೊಬೈಲಿನಲ್ಲಿ ಹತ್ತು ಹದಿನೈದು ಸೆಕೆಂಡಿನಷ್ಟು ಧ್ವನಿಮುದ್ರಣ ಮಾಡಿಕೊಳ್ಳಿ: ಮೆಟ್ಟುಗತ್ತಿಯ (ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿ) ಮೇಲೆ ಅಡಿಕೆ ಸುಲಿಯುವುದು, ಬಡಗಿ ಉಳಿಗೆ ಪೆಟ್ಟು ಕೊಡುವುದು, ಬಂಗಡೆ ತಾರ್ಲೆ ಎಂದು ಕೂಗುತ್ತ ಮೀನಿನ ಬುಟ್ಟಿ ಹೊತ್ತು ಬರುವವರ ದನಿ. ಮಕ್ಕಳು ಕಣ್ಣು ಮುಚ್ಚಿ ಎರಡು ಸಲ ಕೇಳಲಿ. ‘ಇದು ಯಾರು?’ ಎಂದು ಶುರುಮಾಡಬೇಡಿ. ಒಬ್ಬರು ಉತ್ತರ ಹೇಳಿದೊಡನೆ ಉಳಿದವರ ಕಿವಿ ಮುಚ್ಚಿಹೋಗುತ್ತದೆ. ‘ಏನು ಏನಕ್ಕೆ ತಾಗುತ್ತಿದೆ? ಕೈ ಹೇಗೆ ಆಡುತ್ತಿದೆ, ಮಾಡಿ ತೋರಿಸಿ’ ಎನ್ನಿ. ಇಪ್ಪತ್ತು ಕೈಗಳು ಒಟ್ಟಿಗೆ ಆಡಿದರೆ ತಪ್ಪು ಹೇಳುವ ಹೆದರಿಕೆ ಯಾರಿಗೂ ಇರುವುದಿಲ್ಲ.

ಕೆಡುವುದು ಹೆಚ್ಚಾಗಿ ಧ್ವನಿಮುದ್ರಣದಲ್ಲಿ. ಬೈತಕೋಲ್ ಅಥವಾ ತದಡಿಯಂಥ ಬಂದರಿನಲ್ಲಿ ಗಾಳಿ ನೇರ ಮೈಕಿಗೆ ಬಡಿದು ಬರೀ ಭರ್ರ್ ಎನ್ನುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಂತು, ಮೊಬೈಲಿಗೆ ತೆಳ್ಳಗಿನ ಕರವಸ್ತ್ರ ಸುತ್ತಿ, ಸದ್ದಿಗೆ ಒಂದು ಮಾರು ದೂರದಲ್ಲಿ ಹಿಡಿಯಬೇಕು. ಬೋಟಿನ ಎಂಜಿನ್ನಿನ ದಡದಡ ಸದ್ದು ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಹೊರಡುವುದೇ ಇಲ್ಲ, ಅದಕ್ಕೆ ಅಷ್ಟು ತಗ್ಗಿನ ಸ್ವರ ಎತ್ತುವ ಶಕ್ತಿ ಇಲ್ಲ. ಅಂಥದನ್ನು ಬಾಯಲ್ಲೇ ಮಾಡಿ ತೋರಿಸುವುದು ಒಳ್ಳೆಯದು. ಜೂನ್‌–ಜುಲೈನಲ್ಲಿ ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಮುದ್ರಿಸಿದ್ದು ಯಾವುದೂ ಕೇಳದು. ಆ ದಿನ ಉಳಿ, ಕೊಡತಿ, ತಕ್ಕಡಿಬಟ್ಟಲು ಹೀಗೆ ನಿಜವಾದ ವಸ್ತುಗಳನ್ನೇ ತಂದು ಪರದೆಯ ಹಿಂದೆ ಸದ್ದು ಮಾಡಿ. ಕಿವಿ ಮಂದವಿರುವ ಮಗು ಇದ್ದರೆ ಮುಂದೆ ಕೂರಿಸಿ, ಪೆಟ್ಟು ಬೀಳುವ ಹಲಗೆಯ ಮೇಲೆ ಅದರ ಕೈ ಇರಿಸಿ.

ಕತೆ ಎರಡನೇ ದಿನಕ್ಕೆ. ನಾಲ್ಕೈದು ನಿಮಿಷ, ಐದು ಹೆಜ್ಜೆ, ನಡುವೆ ಒಂದೇ ತೊಡಕು, ಮಕ್ಕಳು ಕೂಗಲು ಒಂದು ಪಲ್ಲವಿ. ಶಿರಸಿ ಕಡೆಯ ಕೊನೆಗೌಡರ, ಅಂದರೆ ಅಡಿಕೆ ಮರ ಹತ್ತಿ ಕೊನೆ (ಅಡಿಕೆ ಗೊಂಚಲು) ಕೊಯ್ಯುವವರ ಕೆಲಸ ಇದಕ್ಕೆಂದೇ ಇದ್ದಂತಿದೆ. ನೆಲದಿಂದಲೇ ನೋಡಿ ಹಣ್ಣಾದ ಕೊನೆ ಯಾವುದೆಂದು ಗುರುತಿಸುತ್ತಾರೆ. ಕಾಲಿಗೆ ಹಗ್ಗದ ತಳೆ ಹಾಕಿ ಹತ್ತುತ್ತಾರೆ. ಕೊನೆ ಕೊಯ್ದು ಹಗ್ಗದ ಮೇಲೆ ಜಾರಿಸಿ ಬಿಡುತ್ತಾರೆ. ಕೆಳಗೆ ಹಗ್ಗ ಹಿಡಿದವರು ಅದನ್ನು ತೆಗೆದಿಡುತ್ತಾರೆ. ಕೊನೆಗೌಡರು ಇಳಿಯದೆ ಪಕ್ಕದ ಮರವನ್ನು ಎಳೆದುಕೊಂಡು ದಾಟುತ್ತಾರೆ. ತೊಡಕು: ಬೆಳಗಿನ ಇಬ್ಬನಿಗೆ ಮರ ಜಾರುತ್ತಿದೆ, ಬಿಸಿಲು ಬರುವವರೆಗೆ ಕಾಯಬೇಕು. ಟೀಚರ್ ‘ಕೊನೆ ಬಂತು, ಹಗ್ಗ ಹಿಡಿ’ ಎಂದಾಗಲೆಲ್ಲ ಮಕ್ಕಳು ‘ಹಿಡಿದೆ’ ಎನ್ನಬೇಕು. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಅವರೇ ಔಷಧಿ ಹೊಡೆಯುವ ಇನ್ನೊಂದು ಕತೆಯನ್ನೂ ಹೇಳಬಹುದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಬೋರ್ಡೋ ದ್ರಾವಣದ ಲೆಕ್ಕ ಟೀಚರಿಗಿರಲಿ. ಮಗುವಿಗೆ ನೀಲಿ ನೀರಿಗೆ ಬಿಳಿ ನೀರು ಸೇರಿ ತಿಳಿನೀಲಿ ಆಯಿತು ಎಂಬಷ್ಟು ಸಾಕು.

ಮೂರನೇ ದಿನ ಮಕ್ಕಳೇ ಕತೆ ಹೇಳಲಿ, ಮನೆಮಾತಿನಲ್ಲೇ ಹೇಳಲಿ. ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ ಬಂದರೆ ತಡೆಯಬೇಡಿ. ಕ್ರಮ ತಪ್ಪಿದಾಗ ‘ತಪ್ಪು’ ಎನ್ನುವ ಬದಲು ತಪ್ಪಿದ ಹಾಗೆಯೇ ಅಭಿನಯಿಸಿ: ಹಗ್ಗ ಹಿಡಿಯುವ ಮೊದಲೇ ಕೊನೆ ಬಿಟ್ಟರೆ ಅದು ಧೊಪ್ಪೆಂದು ಬಿದ್ದು ಅಡಿಕೆ ಚೆಲ್ಲಾಪಿಲ್ಲಿ. ನಗುತ್ತಲೇ ತಾವಾಗಿ ಸರಿಮಾಡುತ್ತಾರೆ. ಬಸ್ ಕಂಡಕ್ಟರ್ ಕೆಲಸಕ್ಕೆ ಕತೆಯೂ ಬೇಡ, ಒಂದು ಸೀಟಿ ಊದಿದರೆ ನಿಲ್ಲು, ಎರಡು ಸೀಟಿ ಊದಿದರೆ ಹೊರಡು ಎಂಬ ಆಟವೇ ಪಾಠ.

ಇನ್ನು ಕತೆ ಹೇಳುವವರ ನಾಲಿಗೆಯ ಬಗ್ಗೆ. ‘ಡಾಕ್ಟರ್ ಬಂದರು’ ಎನ್ನುವ ಬಾಯಿ ‘ಮೀನಿನವಳು ಬಂದಳು’ ಎಂದರೆ ಮಕ್ಕಳು ಅದನ್ನು ಆ ಕ್ಷಣವೇ ಹಿಡಿಯುತ್ತಾರೆ. ಎಲ್ಲರಿಗೂ ಬಹುವಚನವಿರಲಿ. ‘ಓದದಿದ್ದರೆ ಬಲೆ ಎಳೆಯಬೇಕಾಗುತ್ತದೆ’ ಎಂದು ಕತೆಗೆ ಬಾಲ ಕಟ್ಟುವವರು ಇನ್ನೂ ಇದ್ದಾರೆ. ಬಲೆ ಎಳೆಯುವವರ ಮಗು ಅದೇ ಚಾಪೆಯ ಮೇಲೆ ಕೂತಿರುತ್ತದೆ. ‘ನಿನ್ನಪ್ಪ ಏನು ಕೆಲಸ?’ ಎಂದು ಎಲ್ಲರೆದುರು ಸಾಲಾಗಿ ಕೇಳುವುದೂ ಬೇಡ. ಅಪ್ಪ ಇಲ್ಲದ ಮಗು, ಅಪ್ಪನಿಗೆ ಕೆಲಸವಿಲ್ಲದ ಮಗು ಆ ಸಾಲಿನಲ್ಲಿ ಇದ್ದೇ ಇರುತ್ತದೆ. ಜಾತಿಗೂ ಕಸುಬಿಗೂ ಗಂಟು ಹಾಕುವ ಮಾತು ಕತೆಯೊಳಗೆ ನುಸುಳದಂತೆ ನೋಡಿಕೊಳ್ಳಬೇಕು. ಒಂದೇ ಕತೆಯಲ್ಲಿ ಇವತ್ತು ಹಗ್ಗ ಹಿಡಿದ ಹುಡುಗಿ ನಾಳೆ ಮರ ಹತ್ತಲಿ.

ಕರಾವಳಿಯ ಶಾಲೆಗಳಿಗೆ ಒಂದು ಅನುಕೂಲವಿದೆ, ಬಳಸಿಕೊಂಡವರು ಕಡಿಮೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡದಲ್ಲಿರುತ್ತವೆ, ಬಲೆ ರಿಪೇರಿ ನಡೆದಿರುತ್ತದೆ, ಶಾಲೆ ಆಗತಾನೇ ಶುರುವಾಗಿರುತ್ತದೆ. ಪುಟ್ಟ ಮಕ್ಕಳನ್ನು ಮಳೆಯಲ್ಲಿ ಜಾರುವ ಧಕ್ಕೆಗೆ (ಬೋಟು ನಿಲ್ಲುವ ಕಟ್ಟೆ) ಕರೆದೊಯ್ಯುವುದು ಅಪಾಯ, ಬಲೆ ಕಟ್ಟುವವರನ್ನೇ ತರಗತಿಗೆ ಕರೆಯಿರಿ. ಭಾಷಣ ಬೇಡ, ಹರಿದ ಬಲೆಯ ತುಂಡು ಮತ್ತು ದಾರ ಸುತ್ತಿದ ಸೂಜಿ ತಂದು ಕೂತು ಕಟ್ಟಿದರೆ ಸಾಕೆಂದು ಹಿಂದಿನ ದಿನವೇ ತಿಳಿಸಿ. ಚಾಕು ಮಾತ್ರ ಟೀಚರ್ ಕೈಯಲ್ಲಿರಲಿ. ಹದಿನೈದು ನಿಮಿಷ ಮೀರಿದರೆ ಮಕ್ಕಳು ಏಳುತ್ತಾರೆ. ಬಂದವರಿಗೆ ಶಾಲು, ಹಣ್ಣು ಕೊಟ್ಟು ಕಳಿಸುವುದು ನಮ್ಮ ರೂಢಿ. ಅದರ ಬದಲು ಅರ್ಧ ದಿನದ ಕೂಲಿ ಕೊಡುವುದೆಂದು ಅಂಗನವಾಡಿಯ ಬಾಲವಿಕಾಸ ಸಮಿತಿ, ಶಾಲೆಯ ಎಸ್‌ಡಿಎಂಸಿಗಳು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಈ ತಿಂಗಳ ಸಭೆಯಲ್ಲೇ ನಿರ್ಣಯ ಮಾಡಲಿ.

– ನಿವೃತ್ತ ಶಿಕ್ಷಕಿ, ಕುಮಟಾ