ಅಪ್ಪಾಜಿಯ ಷರತ್ತಿಗೆ ಉತ್ತರ

ಇಂಗ್ಲೆಂಡ್
ಭಾನುವಾರ ಸಂಜೆ

ತೀರ್ಥರೂಪು ಅಪ್ಪಾಜಿಯವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವಿಲ್ಲಿ ಕ್ಷೇಮ.

ಫೋನಿನಲ್ಲಿ ಹೇಳೋಣ ಅಂದರೆ "ತಡಿ, ಅಮ್ಮನಿಗೆ ಕೊಡ್ತೀನಿ" ಅಂತ ದಾಟಿಸಿಬಿಡುತ್ತೀರಿ. ಅದಕ್ಕೇ ಕಾಗದ. ಕಾಗದವಾದರೆ ಕನ್ನಡಕ ಹಾಕಿಕೊಂಡು ಎರಡು ಸಲ ಓದುತ್ತೀರಿ, ತಪ್ಪಿದ್ದ ಕಡೆ ಪೆನ್ಸಿಲ್ಲಿನಲ್ಲಿ ಗೀಟು ಹಾಕುತ್ತೀರಿ. ಮಂಡಿಪೇಟೆ ಗುಮಾಸ್ತಿಕೆ ಬಿಟ್ಟು ಇಷ್ಟು ವರ್ಷವಾದರೂ ಆ ಅಭ್ಯಾಸ ಹೋಗಿಲ್ಲ, ಅಲ್ವಾ?

ತಮ್ಮ ಎಲ್ಲಾ ಹೇಳಿದ. ನಿಮ್ಮ ಪಾರ್ಕಿನ್ಸನ್ ಕಾಯಿಲೆಯ ನಡುಕಕ್ಕೆ ಬೆಂಗಳೂರಿನ ಡಾಕ್ಟರು ತಲೆಯೊಳಗೆ ತಂತಿ ಇಟ್ಟು ಕರೆಂಟ್ ಕೊಡುವ ಆಪರೇಷನ್ ಮಾತೆತ್ತಿದರಂತೆ. "ಎಚ್ಚರವಾಗಿರಬೇಕಾಗುತ್ತೆ" ಅಂದರಂತೆ. ನೀವು ಅಲ್ಲಿಂದ ಎದ್ದವರು ದಾವಣಗೆರೆ ಸ್ಟೇಷನ್ ಬರುವ ತನಕ ತುಟಿ ಬಿಚ್ಚಲಿಲ್ಲವಂತೆ. ಮನೆಗೆ ಬಂದ ಮೇಲೆ ಷರತ್ತು ಹಾಕಿದ್ದೀರಿ: ಪೂರ್ತಿ ಜ್ಞಾನ ತಪ್ಪಿಸಿದರೆ ನೋಡೋಣ, ಇಲ್ಲದಿದ್ದರೆ ಈ ಕೈ ಹೀಗೇ ನಡುಗಲಿ.

ಅಪ್ಪಾಜಿ, ಇಲ್ಲಿ ಅರಿವಳಿಕೆ ತಂಡದಲ್ಲಿ ನನ್ನ ಕೆಲಸವೇ ಇದು. ಆ ಆಪರೇಷನ್ ನಡೆಯುವಾಗ ರೋಗಿಯ ತಲೆಯ ಪಕ್ಕ ನಿಲ್ಲುವವಳು ನಾನು. ಹಾಗಾಗಿ ಕಂಡದ್ದನ್ನೇ ಬರೆಯುತ್ತೇನೆ.

ಮೊದಲು, ಎಚ್ಚರ ಯಾಕೆ ಅಂತ. ತಂತಿ ತಲುಪಬೇಕಾದ ಜಾಗ ಹೆಚ್ಚೆಂದರೆ ಒಂದು ಶೇಂಗಾ ಬೀಜದಷ್ಟು. ಅದು ಮೆದುಳಿನ ತೀರಾ ಒಳಗಿದೆ. ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ನಡುಕ ನಿಲ್ಲುವ ಬದಲು ಮಾತು ತೊದಲಬಹುದು, ಮುಖ ಸೆಳೆಯಬಹುದು. ಸ್ಕ್ಯಾನ್ ದಾರಿ ತೋರಿಸುತ್ತೆ, ನಿಜ. ಆದರೆ ಸರಿಯಾದ ಮನೆ ಬಾಗಿಲಿಗೇ ಬಂದಿದ್ದೇವಾ ಅಂತ ಹೇಳುವುದು ರೋಗಿಯ ಕೈ. ನಡುಗುವ ಕೈ ಎದುರಿಗೇ ನಿಂತುಬಿಟ್ಟರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಈ ಚಿಕಿತ್ಸೆ ಸಿಕ್ಕಿದ್ದೂ ಹಾಗೇ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಂ ಲೂಯಿ ಬೆನಾಬಿಡ್ ಅನ್ನುವ ಸರ್ಜನ್ ಮೆದುಳಿನ ಒಂದು ಚುಕ್ಕಿಯನ್ನು ಸುಡುವ ಹಳೆಯ ಆಪರೇಷನ್ ಮಾಡುತ್ತಿದ್ದರು. ಸುಡುವ ಮುಂಚೆ ಜಾಗ ಪರೀಕ್ಷಿಸಲು ವೇಗದ ಕರೆಂಟ್ ಹಾಯಿಸಿದಾಗ ನಡುಕ ನಿಂತಿತು. ಕರೆಂಟ್ ತೆಗೆದರೆ ಮತ್ತೆ ಶುರು. ರೋಗಿ ಗಾಢ ನಿದ್ದೆಯಲ್ಲಿದ್ದಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಗಾಢ ನಿದ್ದೆಯಲ್ಲಿ ಈ ನಡುಕವೇ ಇರುವುದಿಲ್ಲ. ನೀವು ಮಲಗಿದಾಗ ಕೈ ಸುಮ್ಮನಾಗುತ್ತೆ ಅಂತ ಅಮ್ಮನೇ ಹೇಳುತ್ತಿರುತ್ತಾಳಲ್ಲ.

ಎಚ್ಚರ ಅಂದರೆ ಕಸಾಯಿಖಾನೆ ಅಂದುಕೊಂಡಿದ್ದೀರಿ. ಮೆದುಳಿಗೆ ನೋವು ಗೊತ್ತಾಗುವುದಿಲ್ಲ. ನೋಯುವುದು ಚರ್ಮ, ಮೂಳೆಯ ಮೇಲಿನ ಪೊರೆ. ಅಲ್ಲಿಗೆ ಹಲ್ಲು ಕೀಳುವಾಗ ಕೊಡುವಂಥ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಆ ಚುಚ್ಚು ಉರಿಯುತ್ತೆ, ಸುಳ್ಳು ಹೇಳುವುದಿಲ್ಲ. ಆಮೇಲೆ ತಲೆಗೆ ಒಂದು ಲೋಹದ ಚೌಕಟ್ಟನ್ನು ನಾಲ್ಕು ಮೊಳೆಯಿಂದ ಬಿಗಿಯುತ್ತಾರೆ. ಬಿಗಿದ ಹಾಗೆ ಅನ್ನಿಸುತ್ತೆ, ಅಷ್ಟೇ.

ಇನ್ನು ಮಂಪರು. ಇದನ್ನು ನಿಮಗೆ ಯಾರೂ ಬಿಡಿಸಿ ಹೇಳಿಲ್ಲ ಅನ್ನಿಸುತ್ತೆ. ಆಪರೇಷನ್ ಉದ್ದಕ್ಕೂ ಕಣ್ಣು ಬಿಟ್ಟುಕೊಂಡೇ ಇರಬೇಕಿಲ್ಲ. ತಲೆಬುರುಡೆಗೆ ತೂತು ಕೊರೆಯುವಾಗ ನಮ್ಮಲ್ಲಿ ಮಂಪರಿನ ಔಷಧಿ ಕೊಡುತ್ತೇವೆ. ತೂತು ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಔಷಧಿಯ ಹೆಸರು ಡೆಕ್ಸ್‌ಮೆಡೆಟೊಮಿಡಿನ್. ಥಿಯೇಟರಿನಲ್ಲಿ ನಾವು ಬರೀ ಡೆಕ್ಸ್ ಅನ್ನುತ್ತೇವೆ. ಅದು ಕೊಡುವುದು ನಿಮ್ಮ ಮಧ್ಯಾಹ್ನದ ಕೋಳಿ ನಿದ್ದೆ. ಕೂಗಿದರೆ "ಎದ್ದೇ ಇದ್ದೀನಿ" ಅಂತೀರಲ್ಲ, ಅದೇ ಥರ. ಉಸಿರಾಟ ಹೆಚ್ಚು ಕುಗ್ಗುವುದಿಲ್ಲ. ಆದರೆ ನಾಡಿ, ಬಿಪಿ ಇಳಿಯುತ್ತೆ, ಅದನ್ನು ಕಾಯುವುದು ನಮ್ಮ ಕೆಲಸ. ತೂತಾದ ಮೇಲೆ ಔಷಧಿ ಕಡಿಮೆ ಮಾಡುತ್ತಾರೆ, ಇಲ್ಲವೇ ನಿಲ್ಲಿಸುತ್ತಾರೆ. ಆಗ ಒಂದು ಸಣ್ಣ ಸೂಜಿತಂತಿ ಒಳಗೆ ಇಳಿಯುತ್ತೆ, ನರಕೋಶಗಳ ಸದ್ದು ಸ್ಪೀಕರಿನಲ್ಲಿ ಕೇಳುತ್ತೆ. ಮೊದಲ ಸಲ ಕೇಳಿದಾಗ ನನಗೆ ನೆನಪಾದದ್ದು ನಮ್ಮೂರ ಮಂಡಕ್ಕಿ ಭಟ್ಟಿ. ಕಾದ ಮರಳಿಗೆ ಅಕ್ಕಿ ಬಿದ್ದ ಹಾಗೆ ಚಟಪಟ, ಚಟಪಟ. ಬೇಕಾದ ಜಾಗ ಬಂದಾಗ ಆ ಸದ್ದು ಒಮ್ಮೆಲೇ ದಟ್ಟವಾಗುತ್ತೆ. ಇಂಗ್ಲಿಷಿನವರಿಗೆ ಇದನ್ನು ಹೇಗೆ ಹೇಳಲಿ? ಸುಮ್ನೆ ನಕ್ಕೆ.

ಜಾಸ್ತಿ ಮಂಪರು ಕೊಟ್ಟರೆ ಈ ಸದ್ದೂ ಮಂಕಾಗುತ್ತೆ, ನಡುಕವೂ ಮಾಯ. ನಿದ್ದೆಗೆ ಎಲ್ಲೆಡೆ ಕೊಡುವ ಮಿಡಜೋಲಂ ಥರದ ಔಷಧಿಯನ್ನು ಇಲ್ಲಿ ದೂರ ಇಡುವುದು ಅದಕ್ಕೇ.

ಒಂದು ಸಲ ನಮ್ಮ ಕೈಯಲ್ಲೇ ಇದು ಕೆಟ್ಟಿತ್ತು. ನಿಮ್ಮ ವಯಸ್ಸಿನ ಒಬ್ಬರು ಹೆದರಿ "ಇನ್ನೂ ಕೊಡಿ, ಇನ್ನೂ ಕೊಡಿ" ಅಂದರು. ಹಾಲಿನ ಹಾಗಿರುವ ಪ್ರೊಪೊಫಾಲ್ ಅಂತ ಒಂದು ಔಷಧಿಯಿದೆ, ಅದನ್ನು ಸ್ವಲ್ಪ ಏರಿಸಿದೆವು. ನಾಲಿಗೆ ಹಿಂದೆ ಬಿದ್ದು ಉಸಿರು ಕಟ್ಟಿತು. ಮುಖಕ್ಕೆ ಅಡ್ಡ ಚೌಕಟ್ಟು, ಮಾಸ್ಕ್ ಸರಿಯಾಗಿ ಕೂರಲಿಲ್ಲ. ಗದ್ದ ಎತ್ತಿ ಹಿಡಿದು ಔಷಧಿ ನಿಲ್ಲಿಸಿದ ಮೇಲೆ ಸರಿಹೋದರು. ಆದರೆ ನಡುಕ ವಾಪಸ್ ಬರುವ ತನಕ ಸರ್ಜನ್ ಕೈ ಕಟ್ಟಿ ನಿಂತಿದ್ದರು. ಕನಿಕರಪಟ್ಟು ನಾವು ಮಾಡಿದ ತಪ್ಪು ಅದು. ಆ ದಿನ ಮನೆಗೆ ಬಂದು ಊಟ ಸೇರಲಿಲ್ಲ.

ಜಾಗ ಸಿಕ್ಕ ಮೇಲೆ ಕರೆಂಟ್ ಹಾಯಿಸಿ ನೋಡುತ್ತಾರೆ. ಮುಷ್ಟಿ ಬಿಗಿಸಿ ಬಿಡಿಸಿ ಅನ್ನುತ್ತಾರೆ, ಸುರುಳಿ ಬರೆಸುತ್ತಾರೆ, ವಾರಗಳ ಹೆಸರು ಹೇಳಿಸುತ್ತಾರೆ. ನಿಮಗೆ ಮುಕ್ಕಾಲು ಮಗ್ಗಿ ಕೇಳಿದರೆ ಸುಸ್ತಾಗುವುದು ಡಾಕ್ಟರೇ. ಕೊನೆಗೆ ಎದೆಯ ಮೇಲ್ಭಾಗದ ಚರ್ಮದಡಿ ತಂತಿಗೆ ಕರೆಂಟ್ ಕೊಡುವ ಬ್ಯಾಟರಿ ಇಡುವಾಗ ಪೂರ್ತಿ ಜ್ಞಾನ ತಪ್ಪಿಸುವುದೇ ವಾಡಿಕೆ. ಅಲ್ಲಿ ನಿಮ್ಮ ಷರತ್ತು ನಡೆಯುತ್ತೆ!

ನಿಜವಾದ ಕಷ್ಟ ಬೇರೆ ಇದೆ. ಹಿಂದಿನ ರಾತ್ರಿಯಿಂದಲೇ ಈ ಕಾಯಿಲೆಗೆ ನೀವು ನುಂಗುವ ಸಿಂಡೋಪಾ ಮಾತ್ರೆ ನಿಲ್ಲಿಸುತ್ತಾರೆ. ಬೆಳಿಗ್ಗೆ ಮೈ ಕಟ್ಟಿಗೆಯ ಹಾಗೆ ಸೆಟೆದಿರುತ್ತೆ. ಅದೇ ಸ್ಥಿತಿಯಲ್ಲಿ ಗಂಟೆಗಟ್ಟಲೆ ಅಲ್ಲಾಡದೆ ಮಲಗಬೇಕು. ರೋಗಿಗಳು ಹೆಚ್ಚು ಗೊಣಗುವುದು ಬೆನ್ನುನೋವಿಗೆ, ತೂತಿಗಲ್ಲ.

ಇಷ್ಟೆಲ್ಲ ಬರೆದೆ ಅಂತ ನಾನು ಎಚ್ಚರದ ಪಕ್ಷದವಳು ಅಂದುಕೊಳ್ಳಬೇಡಿ. ನೆದರ್‌ಲ್ಯಾಂಡ್ಸ್‌ನಲ್ಲಿ 110 ರೋಗಿಗಳನ್ನು ಎರಡು ಗುಂಪು ಮಾಡಿ, ಒಬ್ಬರಿಗೆ ಎಚ್ಚರದಲ್ಲಿ, ಇನ್ನೊಬ್ಬರಿಗೆ ಪೂರ್ತಿ ಮಲಗಿಸಿ ಮಾಡಿ ನೋಡಿದರು. 2021ರಲ್ಲಿ ಫಲಿತಾಂಶ ಬಂತು. ಕೈಕಾಲಿನ ಸುಧಾರಣೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂದರೆ ನಿಮ್ಮ ಷರತ್ತು ಹಟವಲ್ಲ, ಕೇಳಬಹುದಾದ ಮಾತೇ. ಆದರೆ ಎದ್ದು ಬರಬೇಡಿ, ಕೂತು ಕೇಳಿ. "ನಿಮಗೆ ಯಾವುದು ಕೈ ಪಳಗಿದೆ, ಮಲಗಿಸಿ ಮಾಡುವುದಾ, ಎಚ್ಚರದಲ್ಲಾ?" ಅಂತ ಡಾಕ್ಟರನ್ನೇ ಕೇಳಿ. ಅವರ ಕೈ ಎಲ್ಲಿ ಪಳಗಿದೆಯೋ ಅದನ್ನೇ ಒಪ್ಪಿಕೊಳ್ಳಿ ಅಂತ ನನ್ನ ಅಭಿಪ್ರಾಯ. ಮೆದುಳಿನಲ್ಲಿ ರಕ್ತ ಸೋರುವ ಅಪಾಯ ಎರಡರಲ್ಲೂ ಇದೆ. ಕಡಿಮೆ, ಆದರೆ ಇದೆ. ಬಿಪಿ ಹತೋಟಿಯಲ್ಲಿಡಲು ನಾವು ಒದ್ದಾಡುವುದು ಅದಕ್ಕೇ. ಕಾಯಿಲೆ ವಾಸಿಯಾಗುವುದಿಲ್ಲ ಅನ್ನೋದೂ ಗೊತ್ತಿರಲಿ. ಮಾತ್ರೆಗೆ ಬಗ್ಗುವ ನಡುಕ, ಬಿಗಿತ ಇಳಿಯುತ್ತೆ. ನಡೆಯುವಾಗ ಜೋಲಿ ಹೊಡೆಯುವುದಕ್ಕೆ ಅಷ್ಟು ಭರವಸೆ ಇಟ್ಟುಕೊಳ್ಳಬೇಡಿ.

ನಿಮ್ಮ ರೋಕಡಿ ಪುಸ್ತಕದ ಅಂಕಿ ಸಣ್ಣಗಾಗುತ್ತಾ ಬಂದಾಗ ಸಾಹುಕಾರರು "ಕಾಗದ ಉಳಿಸ್ತಿದ್ದೀರಾ" ಅಂತ ನಗುತ್ತಿದ್ದರಂತೆ. ನಡುಕಕ್ಕಿಂತ ಮುಂಚೆ ಕಾಯಿಲೆ ಬಂದದ್ದು ಆ ಅಕ್ಷರದಲ್ಲಿ. ನಾನು ಆಗಲೇ ನರ್ಸಿಂಗ್ ಓದುತ್ತಿದ್ದೆ. ನನಗೂ ಹೊಳೆಯಲಿಲ್ಲ.

ಇದಕ್ಕೆ ಉತ್ತರ ನೀವೇ ಬರೆಯಿರಿ, ತಮ್ಮನ ಕೈಲಿ ಬರೆಸಬೇಡಿ. ಅಕ್ಷರ ಎಷ್ಟು ಸಣ್ಣದಿದ್ದರೂ ಸರಿ. ಅವನು ಫೋಟೋ ತೆಗೆದು ಕಳಿಸಲಿ, ದೊಡ್ಡದು ಮಾಡಿಕೊಂಡು ಓದುತ್ತೇನೆ. ತಾರೀಕು ಗೊತ್ತಾದರೆ ರಜೆ ಹಾಕುತ್ತೇನೆ.

ಇಂತಿ ನಿಮ್ಮ
ಮಗಳು

ತಾ.ಕ.: ಇದು ಅಮ್ಮನಿಗೆ. ಅಪ್ಪಾಜಿ ರಾತ್ರಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಲ್ಲಿಸಿದ ಹಾಗಾಗುತ್ತಾ, ನೋಡಿ ಡಾಕ್ಟರಿಗೆ ಹೇಳು. ಮಂಪರು ಕೊಡುವವರಿಗೆ ಅದು ಗೊತ್ತಿರಲೇಬೇಕು. ಅಪ್ಪಾಜಿಯನ್ನೇ ಕೇಳಿದರೆ ಗೊರಕೆಯೇ ಇಲ್ಲ ಅಂತಾರೆ. ವಾಂತಿ ಅಂತ ಯಾವುದಾದರೂ ಕ್ಲಿನಿಕ್ಕಿಗೆ ಹೋದರೆ ಮೆಟೊಕ್ಲೋಪ್ರಮೈಡ್ ಬೇಡ ಅನ್ನು. ಪಾರ್ಕಿನ್ಸನ್ ಇದ್ದವರಿಗೆ ಅದರಿಂದ ಮೈ ಇನ್ನೂ ಬಿಗಿಯುತ್ತೆ. ಈ ಹೆಸರನ್ನು ಚೀಟಿಯಲ್ಲಿ ಬರೆದು ಅವರ ಜೇಬಿನಲ್ಲಿಡು.