ಕೂಲರ್ ಕಲಬುರಗಿಯಲ್ಲೇ ಇರಲಿ

ಪ್ರೀತಿಯ ಗೆಳೆಯ,

ಮಂಗಳೂರಿಗೆ ವರ್ಗವಾಗಿದೆ, ಸಾಮಾನಿನ ಜೊತೆ ಕೂಲರನ್ನೂ ಲಾರಿಗೆ ಹಾಕಿಸುತ್ತೇನೆ ಎಂದು ಬರೆದಿದ್ದೀಯ. ಬೇಡ, ಅದನ್ನು ತಮ್ಮನ ಮನೆಗೆ ಕೊಟ್ಟು ಬಾ. ಕಲಬುರಗಿಯ 42 ಡಿಗ್ರಿ ತಾಳಿದವನಿಗೆ ಮಂಗಳೂರಿನ 34 ಏನು ಮಹಾ ಅಂತ ನಿನಗೆ ಅನ್ನಿಸುವುದು ಸಹಜ. ಆದರೆ ಇಂಥ ಸೆಕೆಯಲ್ಲಿ ಮೈ ತಂಪಾಗುವುದು ಮುಖ್ಯವಾಗಿ ಬೆವರು ಆರಿದಾಗ. ಕರಾವಳಿಯಲ್ಲಿ ಅದು ಆರುವುದೇ ಕಷ್ಟ.

ಬೇಕಾದರೆ ನೀನೇ ಅಳೆದು ನೋಡು. ಗೋಡೆಗೆ ತೂಗುಹಾಕುವ ಥರ್ಮಾಮೀಟರಿನ ಬುಡಕ್ಕೆ ಒದ್ದೆ ಮಾಡಿದ ತೆಳು ಹತ್ತಿಬಟ್ಟೆ ಸುತ್ತಿ, ಫ್ಯಾನಿನ ಎದುರು ಐದು ನಿಮಿಷ ಹಿಡಿ. 42 ಡಿಗ್ರಿ, ಶೇ 20 ತೇವಾಂಶವಿದ್ದರೆ ಅದು ಸುಮಾರು 24ಕ್ಕೆ ಇಳಿಯುತ್ತದೆ. ಕೂಲರೂ ಹೀಗೇ ನೀರು ಆರಿಸಿ ಗಾಳಿ ತಂಪು ಮಾಡುತ್ತದೆ. ಒಳ್ಳೆಯ ಕೂಲರ್ ಈ ಅಂತರದ ಮುಕ್ಕಾಲು ಪಾಲು ಇಳಿಸಬಲ್ಲದು, ಅಂದರೆ 28–29 ಡಿಗ್ರಿ ಗಾಳಿ. 34 ಡಿಗ್ರಿ, ಶೇ 70 ತೇವಾಂಶದಲ್ಲಿ ಒದ್ದೆ ಬಟ್ಟೆ ತೋರಿಸುವುದೇ 29. ಕೂಲರ್ ಹಾಕಿದರೆ ನಾಲ್ಕು ಡಿಗ್ರಿ ಇಳಿಯಬಹುದು, ಜೊತೆಗೆ ಕೋಣೆಯ ತೇವ ಏರಿ ಬೆವರು ಮೈಯಲ್ಲೇ ಅಂಟಿ ನಿಲ್ಲುತ್ತದೆ.

ತಮ್ಮನಿಗೆ ಎರಡು ಮಾತು ಹೇಳು. ಕೂಲರನ್ನು ಕಿಟಕಿಗೆ ಕೂರಿಸಿ, ಎದುರಿನ ಕಿಟಕಿಯನ್ನು ತುಸು ತೆರೆದಿಡಬೇಕು. ಎಲ್ಲ ಮುಚ್ಚಿದರೆ ಕಲಬುರಗಿಯಲ್ಲೂ ಅದು ಬರೀ ಸೆಕೆ ಕೊಡುತ್ತದೆ. ವಾರಕ್ಕೊಮ್ಮೆ ಟ್ಯಾಂಕಿನ ನೀರು ಪೂರ್ತಿ ಚೆಲ್ಲಿ, ಒಳಗೋಡೆ ಉಜ್ಜಬೇಕು. ಇಲ್ಲದಿದ್ದರೆ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ, ಬೋರ್‌ವೆಲ್ ನೀರಿನ ಉಪ್ಪು ಪ್ಯಾಡಿನಲ್ಲಿ ಬೆಳ್ಳಗೆ ಕಟ್ಟಿ ಗಾಳಿ ಆಡದಂತಾಗುತ್ತದೆ.

ಇನ್ನು ನಿನ್ನ ರೂಢಿಗಳು. ಬೆಳಿಗ್ಗೆ ಒಂಬತ್ತಕ್ಕೇ ಕಿಟಕಿ ಮುಚ್ಚಿ, ಪರದೆ ಎಳೆದು, ರಾತ್ರಿ ತೆರೆಯುವುದು ಒಣ ಊರಿಗೆ ಸರಿ. ಮಂಗಳೂರಿನಲ್ಲಿ ರಾತ್ರಿಯೂ ಅಷ್ಟಾಗಿ ತಣಿಯುವುದಿಲ್ಲ, ಗಾಳಿ ಆಡಿದರೇ ಸುಖ. ಗಾಳಿ ಸಾಮಾನ್ಯವಾಗಿ ಮೈಯ ಬಿಸಿಗಿಂತ ತಂಪಾಗಿರುವುದರಿಂದ ಅಲ್ಲಿ ಫ್ಯಾನ್ ಉಪಯೋಗ. 40 ದಾಟಿದ ಒಣ ಕೋಣೆಯಲ್ಲಿ ಮಾತ್ರ ಮೈ ಒದ್ದೆ ಮಾಡಿಕೊಳ್ಳದೆ ಫ್ಯಾನ್ ಕೆಳಗೆ ಕೂತರೆ ಬಿಸಿಗಾಳಿಯೇ ಮೈಗೆ ಹೊಡೆಯುತ್ತದೆ.

ಎಸಿ ಕೊಳ್ಳುವುದಾದರೆ ದೊಡ್ಡದಕ್ಕೆ ಆಸೆಪಡಬೇಡ. 120 ಚದರ ಅಡಿ ಕೋಣೆಗೆ 1 ಟನ್ ಸಾಕು, ತಾರಸಿಯ ಕೆಳಗಿನ ಕೋಣೆಯಾದರೆ ಸ್ವಲ್ಪ ಹೆಚ್ಚು ಬೇಕಾದೀತು. ಅತಿ ದೊಡ್ಡ ಎಸಿ ಬೇಗ ತಣಿಸಿ ಕಂಪ್ರೆಸರ್ ನಿಲ್ಲಿಸುತ್ತದೆ, ತೇವ ಹಿಂಡಲು ಸಮಯವೇ ಸಿಗುವುದಿಲ್ಲ. ಆಗ ಕೋಣೆ ತಂಪಾಗಿದ್ದರೂ ಹಾಸಿಗೆ ತಣ್ಣಗೆ ಜಿಗುಟಾಗಿರುತ್ತದೆ. 26ಕ್ಕಿಟ್ಟು ಫ್ಯಾನ್ ನಿಧಾನ ತಿರುಗಿಸು. ಫಿಲ್ಟರನ್ನು ಎರಡು ವಾರಕ್ಕೊಮ್ಮೆ ತೊಳೆ.

ದಪ್ಪ ಬಟ್ಟೆ ಬಿಡು, ತೆಳು ಹತ್ತಿ ಸಡಿಲವಾಗಿರಲಿ. ಒದ್ದೆ ಬನಿಯನ್ ಬದಲಿಸದಿದ್ದರೆ ಬೆವರುಸಾಲೆ ಏಳುತ್ತದೆ. ಪೌಡರ್ ಸುರಿದರೆ ಬೆವರಿನ ಜೊತೆ ಅಂಟಿಕೊಳ್ಳುತ್ತದೆ, ತಣ್ಣೀರು ಸ್ನಾನವೇ ಮೇಲು. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ಎರಡೂ ಊರಿಗೆ ಒಳ್ಳೆಯದು, ಮಂಗಳೂರಿನಲ್ಲಿ ಪುನರ್ಪುಳಿ (ಕೋಕಂ ಹಣ್ಣು) ಶರಬತ್ತೂ ಸಿಗುತ್ತದೆ. ತುಂಬ ಬೆವರಿ ಸುಸ್ತಾದರೆ ಒಂದು ಲೀಟರ್ ನೀರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿ. ಅಪ್ಪಾಜಿಗೆ ಬಿಪಿ ಇರುವುದರಿಂದ ಅವರಿಗೆ ಉಪ್ಪಿನ ವಿಷಯ ಡಾಕ್ಟರನ್ನು ಕೇಳಿಯೇ ಕೊಡು. ಯಾರಾದರೂ ಮೈ ಸುಡುತ್ತ ಮಾತು ತಡವರಿಸಿದರೆ ಏನೂ ಕುಡಿಸಬೇಡ. 108ಕ್ಕೆ ಕರೆ ಮಾಡಿ, ಮೈಗೆಲ್ಲ ನೀರು ಹಾಕಿ ಗಾಳಿ ಬೀಸುತ್ತಿರು.

ಮನೆ ನೋಡುವಾಗ ಪಡುವಣ ಗೋಡೆಯಲ್ಲೊಂದು, ಅದರ ಎದುರಿಗೊಂದು ಕಿಟಕಿ ಇದೆಯೇ ನೋಡು. ಮಧ್ಯಾಹ್ನ ಕಡಲಗಾಳಿ ಪಡುವಣದಿಂದಲೇ ಬರುತ್ತದೆ. ಆ ಕಿಟಕಿಗೆ ಬಿಸಿಲು ಬೀಳದಂತೆ ಹೊರಗೆ ಮರೆ ಇರಲಿ.

ಇಂತಿ,
ನಿನ್ನ ಗೆಳೆಯ